ಏರಿನಲ್ಲಿ ನಿಲ್ಲುತ್ತಿದ್ದ ಕಾರು

ಹಲ್ಲಿನ ಡಾಕ್ಟರು ಕಾರು ಮಾರುತ್ತೇನೆಂದು ಹೇಳಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಯಾರೂ ಎಂದರೆ ಡಾಕ್ಟರು ಮತ್ತು ಅವರ ಸೊಸೆ, ಅಷ್ಟೇ. ಮಗ ಹಡಗಿನ ಎಂಜಿನಿಯರು, ವರ್ಷದ ಬಹುಪಾಲು ನೀರಿನ ಮೇಲೆ. ಡಾಕ್ಟರು ಹಲ್ಲು ಕೀಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಉಳಿದಿದ್ದ ಒಂದೇ ಶೋಕಿಯೆಂದರೆ ಶೆಡ್ಡಿನಲ್ಲಿದ್ದ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ವಯಸ್ಸಿನಲ್ಲಿ ಸೊಸೆಗಿಂತ ದೊಡ್ಡದು.

"ಏರಿನಲ್ಲಿ ನಿಂತ್ಬಿಡುತ್ತೆ ಕಣಮ್ಮ. ಹಿಂದೆ ಲಾರಿ ಇರುತ್ತೆ, ಪಕ್ಕದಲ್ಲಿ ನೀನಿರ್ತೀಯ. ನಂಗೆ ಆ ಧೈರ್ಯ ಇಲ್ಲ," ಎಂದರು ಡಾಕ್ಟರು. "ಭಾನುವಾರ ಒಬ್ಬರು ಬಂದು ತಗೊಂಡು ಹೋಗ್ತಾರೆ."

ಸೊಸೆ ತಟ್ಟೆ ಸರಿಸಿದಳು. ಹಿಂದಿನ ವರ್ಷ ಅವಳ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡು, ಆಸ್ಪತ್ರೆಗೆ ಎಡತಾಕುವುದೇ ಬದುಕಾಗಿದ್ದಾಗ, ಅವಳನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬಂದದ್ದು ಈ ಮಾವ, ಈ ಕಾರಿನಲ್ಲಿ. "ಟ್ಯಾಕ್ಸೀಲಿ ಹೋದ್ರೆ ಕಾಯಿಲೆಯವಳ ಹಾಗೆ ಕಾಣ್ತೀಯ. ಇದರಲ್ಲಿ ಹೋದ್ರೆ ಸಿನಿಮಾದವಳ ಹಾಗೆ ಕಾಣ್ತೀಯ," ಎನ್ನುತ್ತಿದ್ದರು. ಕೂದಲೆಲ್ಲ ಉದುರಿದ ತಲೆಗೆ ಬಟ್ಟೆ ಸುತ್ತಿಕೊಂಡು ಅವಳು ಹಾಗೇ ಕೂತು ಹೋಗಿ ಬಂದಿದ್ದಳು. ಈಗ ಹುಷಾರಾಗಿದ್ದಳು. ಆದರೆ ಮಾವನಿಗೆ ಕೃತಜ್ಞತೆ ಹೇಳುವುದು ಮಾತ್ರ ಇನ್ನೂ ಆಗಿರಲಿಲ್ಲ. ಹೇಳಲು ಹೋದಾಗಲೆಲ್ಲ ಆ ಮಹಾನುಭಾವರು "ಎಲ್ಲಿ ಬಾಯಿ ತೆಗಿ, ಆ ದವಡೆ ಹಲ್ಲು ನೋಡೋಣ" ಎಂದು ಮಾತು ಹಾರಿಸಿಬಿಡುತ್ತಿದ್ದರು. ಬಾಯಿ ತೆರೆದು ಕೂತವರು ಥ್ಯಾಂಕ್ಸ್ ಹೇಳುವುದಾದರೂ ಹೇಗೆ? ಹೇಳಲಾಗದಿದ್ದರೆ ಹೋಗಲಿ, ಆ ಕಾರನ್ನಾದರೂ ಅವರ ಕೈತಪ್ಪದಂತೆ ಉಳಿಸಬೇಕು ಎಂದು ಅವಳು ನಿಶ್ಚಯಿಸಿದಳು.

ನಿಶ್ಚಯಿಸಿ ನಾದಿನಿಗೆ ಫೋನ್ ಮಾಡಿದಳು. ನಾದಿನಿಯದು ಪಕ್ಕದ ಬೀದಿಯಲ್ಲಿ ಸ್ವಂತ ಗ್ಯಾರೇಜು. ಅವಳಿಗೆ ಮನೆಯಲ್ಲಿಟ್ಟ ಅಡ್ಡಹೆಸರು ಸ್ಪ್ಯಾನರ್. ಕೈ ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಚುರುಕು. ಅಪ್ಪನ ಕಾರೆಂದರೆ ಅವಳಿಗೂ ಜೀವ, ಆದರೆ ಅಪ್ಪ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮಾರುವ ಕಾರಿಗೆ ಇನ್ನೇನು ಎಂದುಕೊಂಡರೋ ಏನೋ, ಈ ಸಲ ಬೀಗದಕೈ ಕೊಟ್ಟು ಪೇಪರ್ ಹಿಡಿದು ಒಳಗೆ ಕೂತರು.

ಸ್ಪ್ಯಾನರಿಗೆ ಒಂದು ವ್ರತವಿತ್ತು: ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು, ಬದಲಿಸಿದ ಮೇಲೆ ಓಡಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲವಂತೆ. ಮೊದಲು ಪೆಟ್ರೋಲ್ ಫಿಲ್ಟರ್ ಬಿಚ್ಚಿದಳು. ಒಳಗೆ ತುಕ್ಕಿನ ಪುಡಿ. ಹೊಸದು ಹಾಕಿ ಇಬ್ಬರೂ ಹೊರಟರು. ಊರ ಹೊರಗಿನವರೆಗೆ ಕಾರು ಹಾಡುತ್ತಾ ಹೋಯಿತು, ನೀರಿನ ಟ್ಯಾಂಕಿನ ಏರಿನಲ್ಲಿ ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಏನೂ ಆಗದ ಹಾಗೆ ಚಾಲೂ ಆಯಿತು. ಮರುದಿನ ಬಿರುಕುಬಿಟ್ಟಿದ್ದ ರಬ್ಬರ್ ಪೈಪು ಬದಲಾಯಿತು. ಏರಿನಲ್ಲಿ ನಿಂತಿತು. ಪಂಪು ಬದಲಾಯಿತು. ನಿಂತಿತು. ಕಾರ್ಬೊರೇಟರನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದ ಸೂಜಿ ಬದಲಿಸಿ ಕೂರಿಸಿದ್ದೂ ಆಯಿತು. ಎಂಜಿನ್ನಿನ ದನಿಯೇ ಬೇರೆಯಾಯಿತು, ಹದಿನಾರರ ಹುಡುಗಿಯ ಹಾಗೆ. ಆದರೂ ಆ ಏರು ಬಂದ ಕೂಡಲೇ ಹಳೇ ಮುದುಕಿ.

"ಮೂಗಿಗಿಂತ ಮೂಗುತಿ ಭಾರ ಆಯ್ತು ಅತ್ತಿಗೆ," ಎಂದು ಸ್ಪ್ಯಾನರ್ ಏರಿನಲ್ಲಿ ನಿಂತ ಕಾರಿನ ಬಾನೆಟ್ ಎತ್ತಿ ಅದರೊಳಗೇ ತಲೆ ಹಾಕಿದಳು. "ಈ ಕಾರ್ಬೊರೇಟರಿಗೆ ಪೆಟ್ರೋಲೇ ಬರ್ತಿಲ್ಲ. ಪಂಪು ಹೊಸದು, ಪೈಪು ಹೊಸದು. ಹಿಂದೆ ಟ್ಯಾಂಕಲ್ಲಿ ಪೆಟ್ರೋಲ್ ಇದ್ಯೋ ಇಲ್ವೋ ನೋಡಿ ಒಂಚೂರು."

ಸೊಸೆ ಕಾರಿನ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಅದು ಬಿಗಿಯಾಗಿ ಕಚ್ಚಿಕೊಂಡಿತ್ತು. ಬಲ ಹಾಕಿದ ಕೂಡಲೇ 'ಸುಸ್ಸ್' ಎಂದು ಉದ್ದಕ್ಕೆ ಗಾಳಿ ಎಳೆದುಕೊಂಡ ಸದ್ದು. ಅವಳು ಬೆಚ್ಚಿ ಹಿಂದೆ ಸರಿದಳು.

"ಏನದು?" ಎಂದಳು ನಾದಿನಿ.

"ನಿಮ್ಮಪ್ಪನ ಕಾರು ನಿಟ್ಟುಸಿರು ಬಿಡ್ತು. ಅಲ್ಲ, ಬಿಡಲಿಲ್ಲ. ಒಳಗೆ ಎಳ್ಕೊಂಡಿತು."

ಸ್ಪ್ಯಾನರ್ ಓಡಿ ಬಂದು ಮುಚ್ಚಳ ಕಸಿದುಕೊಂಡಳು, ಮತ್ತೆ ಮುಂದೆ ಹೋಗಿ ಚಾವಿ ತಿರುಗಿಸಿದಳು. ಎಂಜಿನ್ ಈ ಸಲ ತಕ್ಷಣ ಚಾಲೂ ಆಯಿತು. ಅವಳು ಹಣೆ ಚಚ್ಚಿಕೊಂಡಳು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕ್ದೆ ನಾನು. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು ಅತ್ತಿಗೆ. ಅದಕ್ಕೇ ಮುಚ್ಚಳದಲ್ಲೊಂದು ಸಣ್ಣ ತೂತು ಇಟ್ಟಿರ್ತಾರೆ. ಗಾಳಿ ಬರದಿದ್ರೆ ಟ್ಯಾಂಕೇ ಪೆಟ್ರೋಲನ್ನ ಹಿಡ್ಕೊಂಡುಬಿಡುತ್ತೆ, ಪಂಪಿಗೆ ಎಳೆಯೋಕಾಗಲ್ಲ." ಮುಚ್ಚಳವನ್ನು ಬಿಸಿಲಿಗೆ ಹಿಡಿದಳು. ತೂತು ಇರಬೇಕಾದ ಕಡೆ ಬೆಳ್ಳಿಬಣ್ಣದ ಒಂದು ಚುಕ್ಕೆ. ಅಂಚು ನಯವಾಗಿ ಉಜ್ಜಿ, ಹೊಳಪು ಕೊಟ್ಟು, ಅಚ್ಚುಕಟ್ಟಾಗಿ ತುಂಬಿದ್ದು. ನಾದಿನಿ ಬೆರಳಿಂದ ಅದನ್ನು ಸವರಿದಳು. ಬಾಯಿ ತೆರೆದು ತನ್ನ ದವಡೆಯನ್ನು ಸವರಿಕೊಂಡಳು.

"ಅತ್ತಿಗೆ, ಇದು ಹಲ್ಲಿಗೆ ತುಂಬೋ ಸಿಮೆಂಟು. ಇಂಥದೇ ಎರಡು ನನ್ನ ಬಾಯಲ್ಲೂ ಇದೆ. ಇದು ಅಪ್ಪನ ಕೈಕೆಲಸ."

ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿಯುವ ಮೊದಲೇ ಸೊಸೆಗೆ ನೆನಪಾಯಿತು. ಚಿಕಿತ್ಸೆ ಶುರುವಾದ ಹೊಸದರಲ್ಲಿ ಕಾರಿನಲ್ಲಿ ಪೆಟ್ರೋಲ್ ವಾಸನೆ ಬಂದು ಅವಳು ಸೀಟಿನ ಮೇಲೆಲ್ಲ ವಾಂತಿ ಮಾಡಿಕೊಂಡಿದ್ದಳು. ಮಾರನೇ ದಿನದಿಂದ ವಾಸನೆಯೇ ಇರಲಿಲ್ಲ. ಮೂಗಿಗೆ ರೂಢಿಯಾಯಿತು ಎಂದುಕೊಂಡಿದ್ದಳು; ವಾಸನೆ ಬರುತ್ತಿದ್ದ ತೂತನ್ನೇ ಮಾವ ಮುಚ್ಚಿದ್ದರೆಂದು ಈಗ ತಿಳಿಯಿತು. ಆಸ್ಪತ್ರೆ ಎರಡು ಬೀದಿಯಾಚೆ. ಅಷ್ಟು ಹತ್ತಿರಕ್ಕೆ ಹೋಗಿಬರುವಷ್ಟರಲ್ಲಿ ಕಾರಿಗೆ ಉಸಿರು ಕಟ್ಟಲು ಪುರುಸೊತ್ತು ಎಲ್ಲಿತ್ತು? ಅವಳು ಹುಷಾರಾಗಿ, ದೂರದ ಸವಾರಿ ಶುರುವಾದ ಮೇಲೇ ಅದು ನಿಲ್ಲತೊಡಗಿದ್ದು. ಕೂತಲ್ಲೇ ಅವಳು ಮುಖ ಮುಚ್ಚಿಕೊಂಡು ಅತ್ತಳು. ನಾದಿನಿ ಗ್ರೀಸು ಮೆತ್ತಿದ ಕೈಯನ್ನೇ ಅವಳ ಬೆನ್ನ ಮೇಲಿಟ್ಟಳು. ಆ ರವಿಕೆಯ ಕಲೆ ಇವತ್ತಿಗೂ ಹೋಗಿಲ್ಲ.

ಮನೆಗೆ ಬಂದು ಮುಚ್ಚಳವನ್ನು ಟೀಪಾಯಿಯ ಮೇಲಿಟ್ಟಾಗ ಡಾಕ್ಟರು ಕನ್ನಡಕ ಏರಿಸಿ ನೋಡಿದರು. ನೋಡುತ್ತಾ ನೋಡುತ್ತಾ ಕಿವಿ ಕೆಂಪಾಯಿತು.

"ಹೌದಲ್ಲ. ನಾನೇ ತುಂಬಿದ್ದು. ಮರ್ತೇ ಹೋಗಿತ್ತು."

"ಹುಳುಕು ಅಂದ್ಕೊಂಡ್ರಾ ಅಪ್ಪ?" ಎಂದಳು ಮಗಳು.

"ನಗಬೇಡ. ಇಷ್ಟು ದಿನ ಪೆಟ್ರೋಲಲ್ಲಿ ನೆಂದ್ರೂ ಬಿದ್ದಿಲ್ಲ ನೋಡು," ಎಂದರು ಡಾಕ್ಟರು. ನಾಚಿಕೆಯ ನಡುವೆಯೂ ಸ್ವಲ್ಪ ಜಂಬವಿತ್ತು. ಮಗಳು ಸಣ್ಣ ಡ್ರಿಲ್ಲು ತಂದು ಆ ಫಿಲ್ಲಿಂಗನ್ನು ಕೊರೆದಳು. ಕೊರೆಯುವಾಗ ಅವರು ತಮಗೇ ನೋವಾದವರ ಹಾಗೆ ಮುಖ ಹಿಂಡಿದರು.

ಇರುವುದು ಎರಡೇ ಸೀಟು. ಸ್ಪ್ಯಾನರ್ ಬೀಗದಕೈಯನ್ನು ಅಪ್ಪನ ಕೈಗೇ ಕೊಟ್ಟಳು. ಸೊಸೆ ಪಕ್ಕದಲ್ಲಿ ಕೂತಳು. ಊರು ದಾಟಿತು. ಏರು ಹತ್ತಿರವಾದಂತೆ ಡಾಕ್ಟರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದರು. ಹಿಂದೆ ಲಾರಿಯೊಂದು ಹಾರ್ನ್ ಮಾಡಿತು. ಕಾರು ಕೆಮ್ಮಲಿಲ್ಲ, ತಡವರಿಸಲಿಲ್ಲ, ದಿನವೂ ಇದೇ ಕೆಲಸ ಎಂಬಂತೆ ಏರನ್ನು ಹತ್ತಿತು. ನೆತ್ತಿಯಲ್ಲಿ ಗಾಳಿ ಹಿಂದಿನಿಂದ ಸುತ್ತಿ ಬಂತು, ಜೊತೆಗೆ ಪೆಟ್ರೋಲ್ ವಾಸನೆ. ಡಾಕ್ಟರು ಗಾಬರಿಯಿಂದ ಕಾಲು ಸಡಿಲಿಸಿದರು.

"ವಾಸನೆ ಬರ್ತಿದೆ ಅಲ್ವಾ? ವಾಪಸ್ ಹೋಗೋಣ."

"ಬರ್ತಿದೆ ಮಾವ. ನಂಗೇನೂ ಆಗ್ತಿಲ್ಲ. ನಡೀರಿ ಮುಂದೆ." ಆಮೇಲೆ, ಅವರು ಮಾತು ಹಾರಿಸುವ ಮೊದಲೇ, ಅವಳು ಹೇಳಿಬಿಟ್ಟಳು: "ನೀವಿಲ್ಲದಿದ್ರೆ ನಾನು ಆ ಚಿಕಿತ್ಸೇನ ಅರ್ಧಕ್ಕೇ ಬಿಟ್ಟುಬಿಡ್ತಿದ್ದೆ. ಇವತ್ತು ಇರ್ತಿರಲಿಲ್ಲ."

ಡಾಕ್ಟರು ಮತ್ತೆ ಪೆಡಲು ಒತ್ತಿದರು.

"ಅವತ್ತು ನೀನು ವಾಂತಿ ಮಾಡ್ಕೊಂಡು, ಕ್ಷಮಿಸಿ ಮಾವ, ಸೀಟು ಹಾಳಾಯ್ತು ಅಂತ ಕಣ್ಣೀರು ಹಾಕ್ದೆ. ಮೈಯೆಲ್ಲಾ ಅಷ್ಟು ಸಂಕಟ ಇಟ್ಕೊಂಡು ನನ್ನ ಸೀಟಿಗೆ ಅಳ್ತಿದ್ದೆ. ನಿನ್ನ ಕಾಯಿಲೆಗೆ ನನ್ನ ಹತ್ರ ಮದ್ದು ಇರಲಿಲ್ಲಮ್ಮ. ತೂತು ಮುಚ್ಚೋದೊಂದೇ ನಂಗೆ ಗೊತ್ತಿದ್ದ ಕೆಲಸ. ಅದನ್ನೇ ಮಾಡ್ದೆ."

ಅವಳು ಗೇರಿನ ಮೇಲಿದ್ದ ಅವರ ಕೈಯ ಮೇಲೆ ಕೈ ಇಟ್ಟಳು. ಇಳಿಜಾರು ಮುಗಿದು ರಸ್ತೆ ನೇರವಾಯಿತು. ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಭಾನುವಾರ ಬರೋರಿಗೆ ಒಂದು ಫೋನ್ ಮಾಡು. ನೀನೇ ಹೇಳು. ನಂಗೆ ಇಲ್ಲ ಅನ್ನೋಕೆ ನಾಚಿಕೆ."

ಅವಳು ಅಲ್ಲೇ, ಆ ಗಾಳಿಯಲ್ಲೇ, ಫೋನ್ ಕಿವಿಗಿಟ್ಟುಕೊಂಡು, ಕಾರು ಮಾರಾಟಕ್ಕಿಲ್ಲ ಎಂದು ಕೂಗಿ ಹೇಳಿದಳು.