ಮೂಳೆ ಪುಡಿ ಹಾಕಿದ ಮೆಣಸಿನಕಾಯಿ

ಅಮ್ಮ ಹನ್ನೊಂದು ಮೆಣಸಿನ ಗಿಡಗಳನ್ನೂ ಬೇರುಸಮೇತ ಕಿತ್ತು ತಾರಸಿಯ ಮೂಲೆಯಲ್ಲಿ ಗುಡ್ಡೆ ಹಾಕಿದಳು. ಭಾನುವಾರ ಮಧ್ಯಾಹ್ನ, ಅಪ್ಪನ ಊಟಕ್ಕೆ ಅರ್ಧ ಗಂಟೆ ಮೊದಲು. ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕೊನೆಯ ಕುಂಡವೂ ಖಾಲಿಯಾಗಿತ್ತು.

ಕಾರಣ ಅವಳ ಕಾಲ ಬಳಿಯೇ ಬಿದ್ದಿತ್ತು. ನೀರಿನ ಟ್ಯಾಂಕಿನ ಹಿಂದೆ ನಾನು ಬಚ್ಚಿಟ್ಟಿದ್ದ ಚೀಲ. ಮೇಲೆ ದಪ್ಪ ಅಕ್ಷರದಲ್ಲಿ ‘ಮೂಳೆ ಪುಡಿ’.

“ಯಾವ ಪ್ರಾಣಿದು?”

“ಗೊತ್ತಿಲ್ಲ. ಅದು ಗೊಬ್ಬರ ಅಮ್ಮ.”

“ಕೊರಳಲ್ಲಿ ಲಿಂಗ ಕಟ್ಕೊಂಡಿರೋ ಮನುಷ್ಯಂಗೆ ಇದನ್ನ ತಿನ್ಸಿದ್ದೀಯ.”

“ತಿನ್ಸಿಲ್ಲ. ಮಣ್ಣಿಗೆ ಹಾಕಿದ್ದೀನಿ.”

“ಮಣ್ಣಿಂದ ಗಿಡಕ್ಕೆ, ಗಿಡದಿಂದ ಅವರ ಬಾಯಿಗೆ. ಅಷ್ಟೂ ತಿಳಿಯಲ್ವಾ ನಂಗೆ?”

ನನಗೆ ಮೈ ಉರಿಯಿತು. ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ಅಪ್ಪನ ರುಚಿ, ವಾಸನೆ ಎರಡನ್ನೂ ಕಿತ್ತುಕೊಂಡು ಹೋಗಿತ್ತು. ಸಾರು ಬರೀ ಬಿಸಿನೀರು, ಅನ್ನ ಒದ್ದೆ ಹತ್ತಿ ಅನ್ನುತ್ತಿದ್ದ. ಒಂಬತ್ತು ಕೆಜಿ ಇಳಿದಿದ್ದ. ಡಾಕ್ಟರು ಕಾದು ನೋಡಿ ಅಂದರು. ನಾಲಿಗೆಗೆ ತಾಗುತ್ತಿದ್ದದ್ದು ಖಾರದ ಉರಿ ಒಂದೇ. ಅಂಗಡಿಯ ಕಾಯಿಯಲ್ಲಿ ಅದೂ ಸಾಲದು. ಅದಕ್ಕೇ ಗಿಡ ನೆಟ್ಟೆ. ಎರಡು ವಾರದಿಂದ, ನಮ್ಮ ಕಾಯಿ ಕಚ್ಚಿಕೊಂಡು, ಅಪ್ಪ ತಟ್ಟೆ ಖಾಲಿ ಮಾಡುತ್ತಿದ್ದ. ಇದನ್ನು ಅಮ್ಮನೂ ಕಣ್ಣಾರೆ ಕಂಡಿದ್ದಳು.

ಗಲಾಟೆ ಕೇಳಿ ಕೆಳಗಿನ ಮನೆಯಿಂದ ಗೌರಮ್ಮ ಹತ್ತಿ ಬಂದರು. ಮನೆ ಅವರದೇ. ಈ ಕಟ್ಟಡ ಏಳುವ ಮೊದಲು ಇದೇ ಜರಗನಹಳ್ಳಿ ನೆಲದಲ್ಲಿ ಮೆಣಸಿನಕಾಯಿ ಬೆಳೆದವರು. ಬೇವಿನ ಹಿಂಡಿ, ಒಲೆ ಬೂದಿ, ಮೂಳೆ ಪುಡಿ, ಎಲ್ಲದರ ಅಳತೆಯನ್ನೂ ಹೇಳಿಕೊಟ್ಟವರು ಅವರೇ.

“ಇದೆಲ್ಲ ನಿಮ್ಮಲ್ಲಿ ನಡಿಯತ್ತೆ ಗೌರಮ್ಮೋರೆ, ನಮ್ಮಲ್ಲಿ ನಡಿಯಲ್ಲ,” ಎಂದಳು ಅಮ್ಮ.

“ಎಂಟು ವರ್ಷದಿಂದ ನಮ್ಮ ಬೋರ್ ನೀರು ನಡೀತಲ್ಲ ಬಸವಲಿಂಗಮ್ಮ. ಅದು ಯಾವ್ಯಾವ ಮಣ್ಣಲ್ಲಿ ಇಳಿದು ಬಂತು ಅಂತ ಒಂದಿನಾದ್ರೂ ಕೇಳಿದ್ರಾ?”

ಅಮ್ಮ ಮುಖ ತಿರುಗಿಸಿದಳು. ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು.

“ತಾತನ್ನ ಎಲ್ಲಿ ಕೂರ್ಸಿದ್ವಿ ಅಮ್ಮ?”

ನಮ್ಮವರು ಸುಡುವುದಿಲ್ಲ; ಕೂರಿಸಿ ಹೂಳುತ್ತಾರೆ. ತಾತನ ಗದ್ದುಗೆ ಇರುವುದು ಗುಬ್ಬಿ ಹತ್ತಿರದ ಹೊಲದಲ್ಲಿ, ಮೆಣಸಿನ ಸಾಲಿನಿಂದ ನಾಲ್ಕು ಮಾರು ದೂರ.

“ವರ್ಷಾ ವರ್ಷಾ ಆ ಸಾಲಿನ ಕಾಯಿ ಮೂಟೆ ಕಟ್ಕೊಂಡು ಬಂದು ತಿಂದ್ವಲ್ಲ. ಅಲ್ಲಿರೋದು ಯಾರ ಮೂಳೆ?”

ಅಮ್ಮನ ಕೈ ಎದ್ದಿತು. ಬೀಳಲಿಲ್ಲ, ಯಾಕೆಂದರೆ ಅಪ್ಪ ಮೆಟ್ಟಿಲ ತುದಿಯಲ್ಲಿ ಗೋಡೆ ಹಿಡಿದು ಏದುಸಿರು ಬಿಡುತ್ತ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ಅವನು ನಮ್ಮಿಬ್ಬರನ್ನೂ ಬಿಟ್ಟು ಗೌರಮ್ಮನನ್ನು ಕೇಳಿದ. “ಖಾರ ಆ ಪುಡಿಯಿಂದ ಬರೋದಾ?”

“ಅದ್ರಿಂದ ಬೇರು ಬೇಗ ಹಿಡೀತದೆ, ಕಾಯಿ ಜಾಸ್ತಿ ಬಿಡ್ತದೆ. ಖಾರ ಬರೋದು ಬಿಸಿಲಿಂದ. ಹೂವು ಕಂಡ ಮೇಲೆ ನೀರು ಕಮ್ಮಿ ಮಾಡಿ ಗಿಡನ ಒಂಚೂರು ಒದ್ದಾಡಿಸ್ಬೇಕು, ಅಷ್ಟೇ.”

“ಪುಡಿ ಇಲ್ದೆ ಆಗ್ತಿತ್ತು ಅನ್ನಿ.”

“ತಡ ಆಗ್ತಿತ್ತು ಪರಮಶಿವಯ್ಯೋರೆ.”

ಅಪ್ಪ ನನ್ನತ್ತ ತಿರುಗಿದ. “ಮತ್ಯಾಕೆ ಹಾಕ್ದೆ?”

“ಬೇಗ ಆಗ್ಲಿ ಅಂತ. ನೀನು ದಿನಾ ಇಳಿದು ಹೋಗ್ತಿದ್ದೆ.”

“ನನ್ನ ಕೇಳಿದ್ಯಾ?”

“ಕೇಳಿದ್ರೆ ಬೇಡ ಅಂತಿದ್ದೆ.”

“ಅದಕ್ಕೇ ಕೇಳ್ಬೇಕಿತ್ತು.” ಅವನ ದನಿ ಏರಲಿಲ್ಲ. “ಬದುಕಿದ್ದೀನಿ ಕಣೆ ನಾನಿನ್ನೂ. ಒಬ್ಳು ಹೇಳ್ದೆ ಹಾಕ್ತಾಳೆ, ಒಬ್ಳು ಕೇಳ್ದೆ ಕೀಳ್ತಾಳೆ. ತಟ್ಟೆ ಮಾತ್ರ ನಂದು.”

ಬೂದಿ, ಹಿಂಡಿ ಇಷ್ಟನ್ನೇ ಹಾಕಿ ಮತ್ತೆ ನೆಡು, ಕಾಯ್ತೀನಿ ಎಂದು ಹೇಳಿ ಇಳಿದು ಹೋದ. ಮೆಣಸಿನ ಗಿಡಕ್ಕೆ ಮೂರು ತಿಂಗಳು ಬೇಕು. ಮೂರು ತಿಂಗಳು ಕಾಯುವ ಮೈ ಅದಾಗಿರಲಿಲ್ಲ. ಇದು ಅವನಿಗೂ ಗೊತ್ತಿತ್ತು, ಆದರೂ ಹಾಗೆ ಹೇಳಿದ್ದಕ್ಕೆ ನನ್ನ ಸಿಟ್ಟು ಇಮ್ಮಡಿಯಾಯಿತು.

ಊಟಕ್ಕೆ ಕೂತ. ನಾಲ್ಕು ತುತ್ತು ನುಂಗಿದ, ಮಾತ್ರೆ ನುಂಗಿದಂತೆ. ಐದನೆಯದನ್ನು ಕಲಸಿ ಅಲ್ಲೇ ಬಿಟ್ಟ. ಅಮ್ಮ ಆ ತುತ್ತನ್ನೇ ನೋಡುತ್ತಿದ್ದಳು. ಎದ್ದು ಹೊರಗೆ ಹೋದಳು. ಬಂದಾಗ ಸೆರಗಿನಲ್ಲಿ ಎರಡು ಹಸಿರು ಕಾಯಿ, ಕಿತ್ತ ಗಿಡಗಳಿಂದ ಬಿಡಿಸಿಕೊಂಡದ್ದು. ನಲ್ಲಿಯಲ್ಲಿ ತೊಳೆದು ತಟ್ಟೆಯ ಅಂಚಿನಲ್ಲಿಟ್ಟಳು.

“ತಿಂತೀರಾ?”

“ಏನು ಹಾಕಿ ಬೆಳೆದದ್ದು ಅಂತ ಗೊತ್ತಲ್ವಾ?”

“ಗೊತ್ತು.”

“ಪಾಪ ಬಂದ್ರೆ?”

“ಅರ್ಧ ನಂಗಿರ್ಲಿ.”

ಅಪ್ಪ ಕಾಯಿಯ ತೊಟ್ಟು ಹಿಡಿದು ಅರ್ಧಕ್ಕೆ ಕಚ್ಚಿದ. ಕಣ್ಣು ಕೆಂಪಾಯಿತು, ಮೂಗು ಸೋರಿತು. ಐದನೆಯ ತುತ್ತು ಹೋಯಿತು, ಆರನೆಯದೂ.

ಮೂರು ತಿಂಗಳು ಅಳೆದು ಅಳೆದು ನೀರು ಹಾಕಿದವಳು ನಾನು. ಅರ್ಧ ಗಂಟೆಯಲ್ಲಿ ಆ ಗಿಡಗಳನ್ನು ಕಿತ್ತೆಸೆದವಳು ಅವಳು. ಈಗ ಅವರಿಬ್ಬರೂ ಪಾಪ ಹಂಚಿಕೊಳ್ಳುತ್ತ ಕೂತಿದ್ದರು, ನಾನು ಬಾಗಿಲ ಬಳಿ ನಿಂತಿದ್ದೆ.

“ಮೇಘಾ,” ಎಂದ ಅಪ್ಪ, ತಲೆ ಎತ್ತದೆ. “ಒಂಚೂರು ಉಪ್ಪು ಕೊಡೆ.”

ಉಪ್ಪಿನ ಡಬ್ಬಿಯನ್ನು ಅವನ ಮುಂದೆ ಕುಕ್ಕಿದೆ. ಇಬ್ಬರೂ ಗಮನಿಸಲಿಲ್ಲ. ಅಮ್ಮ ಎರಡನೇ ಸಲ ಅನ್ನ ಬಡಿಸುತ್ತಿದ್ದಳು.