ಬೇಲಿಯಾಚೆಯ ಹೆಪ್ಪು

ಆ ಶುಕ್ರವಾರ ಬೆಳಿಗ್ಗೆ ಅಮೆರಿಕದ ಫ್ರೀಮಾಂಟಿನ ಮೇಲೆ ಮಂಜು ದಪ್ಪಗೆ ಕೂತಿತ್ತು. ಪೂರ್ವದ ಗುಡ್ಡವನ್ನು ಯಾರೋ ಹಾಲಿನಲ್ಲಿ ಅದ್ದಿಟ್ಟು ಮರೆತು ಹೋದ ಹಾಗೆ. ಎಂಟು ಗಂಟೆಯಾದರೂ ಸೂರ್ಯ ಬರಲೋ ಬೇಡವೋ ಎಂದು ಕೆನೆಯ ಹಿಂದೆ ನಿಂತಿದ್ದ. ಎಂಬತ್ತೊಂಬತ್ತರ ನವೆಂಬರ್, ಕಾರ್ತಿಕ ಮಾಸ. ನಿರುಪಮಾ ದೇವರಿಗೆ ದೀಪ ಹಚ್ಚಿದಳು, ಕೈಮುಗಿದಳು, ಫ್ರಿಜ್ಜು ತೆರೆದಳು, ಕಿರುಚಿದಳು.

ಹೆಪ್ಪಿನ ಡಬ್ಬಿ ಇರಲಿಲ್ಲ. ಸಿಂಕಿನ ಪಕ್ಕದಲ್ಲಿ ತೊಳೆದು ಬೋರಲಾಗಿತ್ತು.

"ರೀ! ಹೆಪ್ಪು ಏನ್ಮಾಡಿದ್ರಿ?"

ಅವಳ ಗಂಡ ಶ್ರೀಕಂಠ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಯಾವ ಹೆಪ್ಪು? ಎರಡು ಸ್ಪೂನ್ ಮೊಸರಿತ್ತು, ಬ್ರೆಡ್ಡಿಗೆ ಹಚ್ಕೊಂಡು ತಿಂದೆ. ಡಬ್ಬಿ ತೊಳೆದೂ ಇಟ್ಟಿದೀನಿ, ಅದಕ್ಕೊಂದು ಥ್ಯಾಂಕ್ಸ್ ಇಲ್ಲ. ಬಾ ಇಲ್ಲಿ, ಬರ್ಲಿನ್ ಗೋಡೆ ಮೇಲೆ ಹತ್ತಿ ಜನ ಹೆಂಗೆ ಕುಣೀತಿದಾರೆ ನೋಡು!"

"ಮಧ್ಯಾಹ್ನ ನಿಮ್ಮಮ್ಮ ನನ್ನ ತಲೆ ಮೇಲೆ ಹತ್ತಿ ಕುಣೀತಾರೆ, ಅದನ್ನೂ ನೋಡಿ!"

ಶ್ರೀಕಂಠನ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಅವನ ತಾಯಿ ಕಮಲವ್ವ ಅಂದೇ ವಿಮಾನದಲ್ಲಿ ಬಂದಿಳಿಯುವವರಿದ್ದರು.

ಹನ್ನೊಂದು ವರ್ಷದ ಹಿಂದೆ ಮದುಮಗಳು ನಿರುಪಮಾ ಹೊರಟು ನಿಂತಾಗ, ನರಗುಂದದ ಕಡೆಯ ಆ ಅತ್ತೆ ಒಂದು ಅರಿವೆಯ ತುಂಡನ್ನು ಮೂರು ಸಲ ಮೊಸರಿನಲ್ಲಿ ಅದ್ದಿ, ಮೂರು ಸಲ ನೆರಳಲ್ಲಿ ಒಣಗಿಸಿ, ಸೊಸೆಯ ಸೆರಗಿಗೆ ಗಂಟು ಹಾಕಿದ್ದರು. "ಇದು ನಮ್ಮತ್ತಿ ನನಗ ಕೊಟ್ಟದ್ದವಾ. ನಿನಗ ಕಡಾ ಕೊಟ್ಟೇನಿ, ದಾನಾ ಅಲ್ಲ. ನಾ ಬಂದಾಗ ಇದರದ ಒಂದು ಬಟ್ಟಲ ಮೊಸರು ತಿರುಗಿ ಕೊಡಬೇಕು."

ಸ್ಯಾನ್ ಫ್ರಾನ್ಸಿಸ್ಕೋದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಆ ಗಂಟನ್ನು ಮೂಸಿ, ಇದೇನು ಎಂದು ಕೇಳಿದ್ದ. "ನಮ್ಮತ್ತೆ ಕರ್ಚೀಫು," ಎಂದಿದ್ದಳು ನಿರುಪಮಾ. ಅವನಿಗೂ ಒಬ್ಬ ಅತ್ತೆ ಇದ್ದಿರಬೇಕು, ಮೂಗು ಮುಚ್ಚಿಕೊಂಡು ಠಸ್ಸೆ ಒತ್ತಿಬಿಟ್ಟ. ಭಗವಂತ ಯಾರ ಮೂಗಿನಲ್ಲಿ ಕೂತು ಯಾರನ್ನು ದಾಟಿಸುತ್ತಾನೋ ಹೇಳಬರುವುದಿಲ್ಲ.

ಬಿಸಿಹಾಲಿನಲ್ಲಿ ನೆನೆದ ಆ ಅರಿವೆ ಮರುದಿನವೇ ಜೀವ ತಳೆದಿತ್ತು. ಅಂದಿನಿಂದ ಹೆಪ್ಪು ಒಂದು ದಿನವೂ ಸತ್ತಿರಲಿಲ್ಲ. ಸತ್ತದ್ದು ಇಂದು, ಬ್ರೆಡ್ಡಿನ ಮೇಲೆ.

ನಿರುಪಮಾ ಎವರ್‌ಗ್ರೀನ್ ಬಡಾವಣೆಯ ಗೆಳತಿ ಶೈಲಜಾಗೆ ಫೋನು ಮಾಡಿದಳು. ಅವಳೂ ಒಂದು ಕಾಲಕ್ಕೆ ಇದೇ ಹೆಪ್ಪು ಒಯ್ದವಳು.

"ಅಯ್ಯೋ, ನಾವೀಗ ಗ್ರೋಸರಿಯಿಂದಲೇ ತರೋದು ಕಣೆ. ಲೋ ಫ್ಯಾಟು. ಸ್ಟ್ರಾಬೆರಿ ಹಾಕಿರೋದು ಒಂದಿದೆ, ಕೊಡ್ಲಾ?"

"ಸ್ಟ್ರಾಬೆರಿ ಹಾಕಿ ನಮ್ಮತ್ತೆಗೆ ಬುತ್ತಿ ಕಲಸಿಕೊಡ್ಲಾ?"

ಇನ್ನು ಉಳಿದವನು ಒಬ್ಬನೇ, ಪಕ್ಕದ ಮನೆಯ ಸ್ತೊಯಾನ್. ಬಲ್ಗೇರಿಯಾದವನು, ಗಡಿಯಾರ ರಿಪೇರಿಯವನು. ಒಂದು ಚಳಿಗಾಲ ಬೆಟ್ಟದ ಮೇಲಿನ ಮುಳ್ಳುತಂತಿಯಡಿ ತೆವಳಿ ಗ್ರೀಸಿಗೆ ದಾಟಿ, ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಳನ್ನು ಕಳೆದು, ಮೂರು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದ. ಈ ಸಲದ ಯುಗಾದಿಯ ದಿನ ನಿರುಪಮಾ ಕೊಟ್ಟ ಮೊಸರು ಬಾಯಿಗಿಟ್ಟು, ಬೇಲಿ ಹಿಡಿದು ಕಣ್ಣು ಮುಚ್ಚಿ ನಿಂತವನು. ಅವನ ಅವಸ್ಥೆ ನೋಡಿ ಅವಳು ಊರಿಂದ ತಂದಿದ್ದ ಒಂದು ಸ್ಟೀಲಿನ ಬಟ್ಟಲಲ್ಲಿ ಹೆಪ್ಪನ್ನೇ ಕೊಟ್ಟಿದ್ದಳು. ವಾರದ ಮೇಲೆ ಬೇಲಿಯಾಚೆಯಿಂದ "ಹೆಪ್ಪುಗಟ್ಟಿತಾ?" ಎಂದು ಕೇಳಿದರೆ ಅಡ್ಡಡ್ಡ ತಲೆಯಾಡಿಸಿದ. "ರುಚಿ ಹಿಡಿಸ್ತಾ?" ಎಂದರೆ ಇನ್ನೂ ಜೋರಾಗಿ ಅಡ್ಡಡ್ಡ ಆಡಿಸಿದ. ನಿರುಪಮಾ ಮುಖ ಊದಿಸಿಕೊಂಡು ಒಳಗೆ ಬಂದವಳು ಮತ್ತೆ ಆ ಮಾತು ಎತ್ತಿರಲಿಲ್ಲ, ಬಟ್ಟಲನ್ನೂ ಕೇಳಿರಲಿಲ್ಲ.

ಈಗ ಮಾನ ಬದಿಗಿಟ್ಟು ಹಿತ್ತಲಿಗೆ ಹೋದಳು. ಹಿಂದಿನ ತಿಂಗಳ ಭೂಕಂಪಕ್ಕೆ ಬೇಲಿಯ ಎರಡು ಹಲಗೆ ಉದುರಿ ಕಿಂಡಿಯಾಗಿತ್ತು. ಕಿಂಡಿಯಾಚೆ ಸ್ತೊಯಾನ್ ರೇಡಿಯೋವನ್ನು ಮಗುವಿನಂತೆ ಎದೆಗವಚಿಕೊಂಡು, ಪೈಜಾಮದಲ್ಲಿ, ಒಬ್ಬನೇ ಸುತ್ತು ಸುತ್ತು ಕುಣಿಯುತ್ತಿದ್ದ. ಬರ್ಲಿನ್ನಿನ ಸುದ್ದಿ ಬಂದಾಗಿನಿಂದ ಹಾಡಿ ಕೂಗಿ ಗಂಟಲು ಪೂರ್ತಿ ಕಟ್ಟಿತ್ತು. ಈಗಷ್ಟೇ ಇನ್ನೊಂದು ಸುದ್ದಿ ಬಂದಿತ್ತು. ಅವನ ದೇಶವನ್ನು ಮೂವತ್ತೈದು ವರ್ಷ ಆಳಿದವನೂ ಗಾದಿಯಿಂದ ಇಳಿದನಂತೆ.

"ಸ್ತೊಯಾನ್, ನಾನು ಕೊಟ್ಟ ಹೆಪ್ಪು ಇನ್ನೂ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅವನು ನಗುತ್ತಾ ಅಡ್ಡಡ್ಡ ತಲೆಯಾಡಿಸಿದ.

"ಎಸೆದುಬಿಟ್ಟೆಯಾ?"

ಅವನು ಗಾಬರಿಯಿಂದ ಗದ್ದ ಮೇಲೆತ್ತಿ, ಕೆಳಗಿಳಿಸಿದ.

ನಿರುಪಮಾ ಅಳುತ್ತಾ ಒಳಗೆ ಓಡಿದಳು. "ಎಸೆದುಬಿಟ್ಟನಂತೆ ರೀ! ನಗ್ತಾ ಹೇಳ್ತಾನೆ!"

ಮಧ್ಯಾಹ್ನ ಮಂಜು ಕರಗಿ ಬಿಸಿಲು ಬಿತ್ತು. ವಿಮಾನ ನಿಲ್ದಾಣದಿಂದ ಬಂದ ಕಮಲವ್ವ ಇಳಕಲ್ ಸೀರೆಯ ಮೇಲೆ ಮಗನ ಸ್ವೆಟರ್ ಏರಿಸಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತರು. ಫ್ರಿಜ್ಜಿನಲ್ಲಿ ಅವಸರದಲ್ಲಿ ತಂದಿಟ್ಟ ಗ್ರೋಸರಿಯ ಮೊಸರು ಕಳ್ಳನಂತೆ ಕೂತಿತ್ತು.

"ಎರಡು ದಿನ ಆತವಾ, ಬಾಯಿ ಕೆಟ್ಟೈತಿ. ಒಂದು ಬಟ್ಟಲ ಮೊಸರು ಕೊಡು. ನಂದು."

ನಿರುಪಮಾಗೆ ಸುಳ್ಳು ನಾಲಿಗೆಯ ತುದಿಯವರೆಗೆ ಬಂತು. ಉರಿಯುತ್ತಿದ್ದ ಕಾರ್ತಿಕದ ದೀಪ ನೆನಪಾಗಿ ಅಲ್ಲೇ ನಿಂತಿತು. "ಇಲ್ಲ ಅತ್ತೆ. ಇವತ್ತು ಬೆಳಿಗ್ಗೆ ನಿಮ್ಮ ಮಗ ತಿಂದ್ಬಿಟ್ರು. ಪಕ್ಕದ ಮನೆಯ ಇವರಿಗೂ ಕೊಟ್ಟಿದ್ದೆ, ಇವರು ಎಸೆದ್ಬಿಟ್ರು," ಎಂದು ಕಿಂಡಿಯ ಕಡೆ ಕೈ ತೋರಿಸಿದಳು. ಸ್ತೊಯಾನ್ ಅಲ್ಲೇ ನಿಂತು ಹೊಸ ಅಜ್ಜಿಗೆ ಟೊಪ್ಪಿಗೆ ತೆಗೆದು ವಂದಿಸುತ್ತಿದ್ದ.

ಕಮಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಏ ತಮ್ಮಾ, ನನ್ನ ಹೆಪ್ಪು ಐತೇನ?" ಎಂದು ಕನ್ನಡದಲ್ಲೇ ಕೇಳಿ, ಬಟ್ಟಲು ಹಿಡಿದಂತೆ ಕೈ ಮಾಡಿದರು. ಅವನು ಅಡ್ಡಡ್ಡ ತಲೆಯಾಡಿಸಿದ.

"ಐತಿ ಅಂತಾನಲ್ಲ!"

"ಇಲ್ಲ ಅಂತಿದಾನೆ ಅತ್ತೆ, ತಲೆ ನೋಡಿ."

"ನಾ ತಲಿ ನೋಡೇ ಹೇಳಾಕತ್ತೇನಿ. ನಮ್ಮೂರ ವಿರುಪಾಕ್ಷಪ್ಪಜ್ಜಾರು ಹೂಂ ಅನ್ನೂದು ಹಿಂಗ. ಅಮೆರಿಕಾಕ್ಕ ಬಂದು ಕುತಿಗಿ ಸೆಟಗೊಂಡೈತಿ ನಿಂದು. ತಡಿ, ಕೇಳು ಅವನ್ನ, ನೀ ಕತ್ತೆ ಏನು ಅಂತ."

"ಅತ್ತೆ!"

"ಕೇಳಂದರ ಕೇಳವಾ."

ನಿರುಪಮಾ ಶಿವನನ್ನು ನೆನೆದು ಕೇಳಿದಳು. ಸ್ತೊಯಾನ್ ಕಣ್ಣರಳಿಸಿ, ಗದ್ದ ಮೇಲೆತ್ತಿ ಕೆಳಗಿಳಿಸಿದ.

"ನೋಡಿದಿ? ಕತ್ತೆ ಅಂದರ ಯಾವ ಊರಾಗೂ ಯಾರೂ ಹೂಂ ಅನ್ನೂದಿಲ್ಲ. ಅದು ಅವರ ಊಹೂಂ. ಹಂಗಾರ ಇದು ಹೂಂ!"

ಶ್ರೀಕಂಠ ನಕ್ಕು ನಕ್ಕು ಕಟ್ಟೆಯಿಂದ ಜಾರಿದ. ಏಳು ತಿಂಗಳ ಹಿಂದಿನ ಪ್ರಶ್ನೆಗಳೆಲ್ಲ ನಿರುಪಮಾಳ ತಲೆಯಲ್ಲಿ ಗಿರ್ರನೆ ಮಗುಚಿಕೊಂಡವು. ಹೆಪ್ಪುಗಟ್ಟಿತಾ? ಹೂಂ. ರುಚಿ ಹಿಡಿಸ್ತಾ? ಹೂಂ, ಹೂಂ!

ಸ್ತೊಯಾನ್ ವಿಷಯ ತಿಳಿದು ಹಣೆ ಚಚ್ಚಿಕೊಂಡ. "ಅಂಗಡಿಯಲ್ಲಿ ಅಮೆರಿಕದ ತಲೆ," ಎಂದ, ಪಿಸುಗುಟ್ಟುವ ಗಂಟಲಲ್ಲಿ. "ಹಿತ್ತಲಿಗೆ ಬಂದರೆ ನನ್ನಮ್ಮನ ತಲೆ. ಮೊಸರಿನ ವಿಷಯಕ್ಕಂತೂ ಅಮ್ಮನದೇ."

"ಮತ್ತೆ ಬಟ್ಟಲು ಯಾಕೆ ವಾಪಸ್ ಕೊಡ್ಲಿಲ್ಲ?"

"ನೀನು ಮಾತು ಬಿಟ್ಟೆ. ನಾನೇನು ತಪ್ಪು ಮಾಡಿದೆನೋ ಅಂತ ಹೆದರಿದೆ." ಅವನು ತಡೆದು ಮುಂದುವರಿಸಿದ. "ನಮ್ಮ ಕಡೆ ಈ ಮೊಸರು ಗ್ರೀಕರು ತಮ್ಮದು ಅಂತಾರೆ, ತುರ್ಕರು ತಮ್ಮದು ಅಂತಾರೆ, ನಾವು ನಮ್ಮದು ಅಂತ ಜಗಳಕ್ಕೇ ನಿಲ್ತೀವಿ. ನಾನು ತಂತಿಯಡಿ ತೆವಳಿ ದಾಟಿದ ರಾತ್ರಿ, ಆಚೆ ಒಬ್ಬ ಕುರುಬಮ್ಮ ಒಂದು ಬಟ್ಟಲು ಕೊಟ್ಟಳು. ಕುಡಿದು ನೋಡಿದರೆ ನಮ್ಮ ಮನೆಯದೇ! ಗಡಿ ದಾಟಲೇ ಇಲ್ಲವೇನೋ ಅಂತ ಹೆದರಿ ಮತ್ತೆ ಓಡಿದೆ."

ನಿರುಪಮಾ ಅದನ್ನು ಕನ್ನಡಕ್ಕೆ ತಂದಳು. ಕಮಲವ್ವ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈಗ ಬೇಲಿ ಬಿದ್ದಾವಂತ. ಊರಿಗೆ ಹೋಗ್ತಿ ಏನು, ತಮ್ಮಾ?"

ನಿರುಪಮಾ ಅದನ್ನು ಇಂಗ್ಲಿಷಿನಲ್ಲಿ ಕೇಳಿದಳು. ಸ್ತೊಯಾನ್ ತಲೆಯಾಡಿಸಿದ. ಅಡ್ಡಡ್ಡ. ಕೋಲೆಬಸವ ಕೊರಳಗೆಜ್ಜೆ ಆಡಿಸುವ ಹಾಗೆ, ನಿಲ್ಲಿಸಲಾರದೆ ಆಡಿಸುತ್ತಲೇ ಇದ್ದ. ಯಾರೂ ಅದನ್ನು ಅನುವಾದಿಸಲಿಲ್ಲ. ಕಮಲವ್ವನೂ ಜೊತೆಗೆ ಆಡಿಸಿದರು, ಶ್ರೀಕಂಠನೂ ಆಡಿಸಿದ. ಹನ್ನೊಂದು ವರ್ಷ ಸೆಟೆದಿದ್ದ ನಿರುಪಮಾಳ ಕುತ್ತಿಗೆ ತನ್ನಷ್ಟಕ್ಕೆ ತಾನೇ ಆಚೀಚೆ ವಾಲಿತು.

ಸ್ತೊಯಾನ್ ಒಳಗೆ ಹೋಗಿ, ಎರಡು ಕೈಯಲ್ಲಿ ಬಟ್ಟಲು ಹಿಡಿದು ಬಂದು ಕಿಂಡಿಯಲ್ಲಿ ನೀಡಿದ. ಬಟ್ಟಲು ಖಾಲಿಯಿರಲಿಲ್ಲ. ಮೊಸರು ಅಂಚಿನವರೆಗೆ ಗಟ್ಟಿಯಾಗಿ, ಅಲುಗದೆ ನಿಂತಿತ್ತು. ಸ್ಟೀಲಿನ ಮೇಲೆ ಕೊರೆಸಿದ್ದ ಕಮಲವ್ವ ಎಂಬ ಹೆಸರು ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು.

ನಿರುಪಮಾ ಬಟ್ಟಲಿನ ತಳವನ್ನು ಸೆರಗಿನಿಂದ ಒರೆಸಿದಳು. ಹೆಸರು ಅತ್ತೆಯ ಕಡೆಗೆ ಬರುವಂತೆ ತಿರುಗಿಸಿ, ಅವರ ಬೊಗಸೆಯಲ್ಲಿಟ್ಟಳು.