ಉಳಿದ ಎಂಟು ಚಿತ್ರಗಳು

ಮೂರು ದಿನದ ಸಂತಾಪ ಮುಗಿದು, ಬಾಡಿಗೆ ಕುರ್ಚಿಗಳನ್ನು ಒಯ್ದ ಮರುದಿನ ಬೆಳಗ್ಗೆ ಫೂಲ್ ಕಾಳು ಬೇಯಲಿಟ್ಟಿದ್ದೆ. ವಕೀಲೆ ನಶ್ವಾ ಕರೆ ಮಾಡಿದಳು.

“ಈಗ ಕೇಳ್ಬಾರ್ದು ಕಣೇ. ಆದ್ರೆ ಉಳಿದ ಎಂಟು ಮುಗಿಸ್ಲೇಬೇಕು.”

ಗಂಡನಿಗಷ್ಟೇ ಕಳಿಸಿದ್ದ ಹನ್ನೊಂದು ಚಿತ್ರಗಳು, ಅವನು ಫೋನ್ ರಿಪೇರಿಗೆ ಕೊಟ್ಟ ವಾರವೇ ಹೊರಬಿದ್ದು ಮನ್ಸೂರಾದ ಗಂಡಸರ ಕೈಸೇರಿದ್ದವು. ನನ್ನ ಬಳಿಯಿದ್ದವನ್ನು ಹೆದರಿ ಅಳಿಸಿದ್ದೆ. ನನ್ನ ಗಂಡ ವಗ್ದಿ ಮಾತ್ರ ಮೂಲಚಿತ್ರಗಳನ್ನು ಬೇರೊಂದು ಫೋನಿಗೆ ಹಾಕಿಕೊಂಡು, ತನ್ನದನ್ನು ಸುತ್ತಿಗೆಯಿಂದ ಒಡೆದ. ಮೂಲಚಿತ್ರದಿಂದ ಬೆರಳಚ್ಚಿನಂಥ ಅಂಕಿಗಳ ಗುರುತೊಂದನ್ನು ಫೋನಿನಲ್ಲೇ ಮಾಡಿ ಕಳಿಸಿದರೆ, ಆ ಚಿತ್ರ ಎಲ್ಲಿದ್ದರೂ ಜಾಲತಾಣದ ಕಂಪನಿಗಳು ಕಿತ್ತುಹಾಕುತ್ತವೆ ಎಂದು ನಶ್ವಾ ಹೇಳಿಕೊಟ್ಟಿದ್ದಳು.

“ನೀನ್ ನೋಡ್ಬೇಡ, ನಾನ್ ಮಾಡ್ತೀನಿ,” ಎಂದಿದ್ದ. ಮೂರು ಮುಗಿಸಿದ. ಆಮೇಲೆ ಮಿನಿಬಸ್ಸಿನಲ್ಲಿ ಅವನ ಎದೆಬಡಿತ ನಿಂತಿತು.

ಮೈದುನ ಸಮೀಹನನ್ನು ವಗ್ದಿಯ ಆ ಫೋನ್ ಕೇಳಿದೆ.

“ಫೋನಿಟ್ಕೊಂಡು ಏನ್ಮಾಡ್ತೀಯೇ?” ಎಂದಳು ಅತ್ತೆ. “ಎದ್ದು ಬಂದು ಮೆಸೇಜ್ ಹಾಕ್ತಾನಾ?”

ಸಮೀಹ್ ತಂದುಕೊಟ್ಟ. “ಒರೆಸ್ಬಿಟ್ಟಿದೀನಿ ಅತ್ತಿಗೆ. ಹಾಡು, ಫೋಟೊ, ಎಲ್ಲ. ಅವು ಇರೋ ತನಕ ಅಣ್ಣನ ಗೋರಿಗೆ ಪಾಪ ಹೋಗ್ತಾನೇ ಇರತ್ತಂತೆ.”

“ನೋಡಿದ್ಯಾ?”

“ಛೆ! ಸತ್ತೋರ ಫೋನ್ ಯಾರಾದ್ರೂ ತೆಗೆದು ನೋಡ್ತಾರಾ? ಒಂದೇ ಏಟಿಗೆ ಒರೆಸಿದೆ.”

“ಅಲ್ಲಾಹ್ ನಿಂಗೆ ಒಳ್ಳೇದ್ ಮಾಡ್ಲಪ್ಪಾ,” ಎಂದಳು ಅತ್ತೆ.

ಸ್ನಾನದ ಕೋಣೆಯಿಂದ ನಶ್ವಾಳಿಗೆ ಕರೆ ಮಾಡಿ ಹೇಳಿದೆ.

“ಹಾಗಾದ್ರೆ ಅವನ್ನ ಹರಡ್ತಿರೋರ ಚಾನೆಲ್‌ನಿಂದ್ಲೇ ಇಳಿಸ್ಕೋಬೇಕು. ಕತ್ತರ್ಸಿರ್ತಾರೆ, ಮೇಲೆ ಏನೇನೋ ಬರ್ದಿರ್ತಾರೆ. ಒಂದೊಂದಕ್ಕೂ ಬೇರೆ ಗುರುತು. ನಾನ್ ಮಾಡ್ಲಾ?”

“ಬೇಡ.”

ಆ ಚಾನೆಲನ್ನು ಮೊದಲ ಸಲ ತೆರೆದು ನೋಡಿದೆ. ಎಂಟು ಚಿತ್ರಗಳು ಹತ್ತೊಂಬತ್ತಾಗಿದ್ದವು. ಒಂದರ ಕೆಳಗೆ, ‘ಗಂಡ ಹೋದನಂತೆ, ಈಗ ಜಾಗ ಖಾಲಿ,’ ಎಂದು ಯಾರೋ ಬರೆದಿದ್ದರು. ಹತ್ತೊಂಬತ್ತಕ್ಕೂ ಗುರುತು ಮಾಡಿ ಕಳಿಸಿದೆ. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಅವು ಹೋದವು. ಬೇರೆ ಇಪ್ಪತ್ತಾರು ಬಂದಿದ್ದವು.

“ಮತ್ತೆ ಕಳ್ಸು,” ಎಂದಳು ನಶ್ವಾ. “ಎಷ್ಟು ದಿನ ಅಂತ ಮಾತ್ರ ಕೇಳ್ಬೇಡ.”

ಕಳಿಸುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ವಗ್ದಿಯ ಕಚೇರಿಯ ಗೆಳೆಯ ರಿಫಾತ್ ಮೆಟ್ಟಿಲ ಮೇಲೆ ನಿಂತಿದ್ದ.

“ಕ್ಷಮ್ಸಿ ಅಮ್ಮ, ಇದ್ದತ್‌ನ ಶೋಕದಲ್ಲಿರೋರ ಮನೆಗೆ ಬರ್ಬಾರ್ದಿತ್ತು. ಆ ಫೋನ್ ನಂದು, ಅವನು ಎರವಲು ತಗೊಂಡಿದ್ದ. ಮಗಳ ಪರೀಕ್ಷೆಗೆ ಬೇಕಾಗಿತ್ತು. ಅದ್ರಲ್ಲಿ ನಿಮ್ದು ಏನಾದ್ರೂ ಇದ್ರೆ ಮೊದ್ಲು ತಗೊಳಿ.”

“ಏನೂ ಇಲ್ಲ.”

ಅವನು ತಲೆಯೆತ್ತಲಿಲ್ಲ. ವಿಧವೆಯನ್ನು ನೋಡಬಾರದೆಂದೋ, ಆಗಲೇ ನೋಡಿದ್ದಾನೆಂದೋ. ಇನ್ನು ಮುಂದೆ ಯಾವ ಗಂಡಸು ತಲೆ ತಗ್ಗಿಸಿದರೂ ಏಕೆಂದು ನನಗೆ ತಿಳಿಯುವುದಿಲ್ಲ.

ಚಾರ್ಜರಿನ ತಂತಿಯನ್ನು ಸುತ್ತಿ, ಫೋನಿನ ಜೊತೆ ಅವನ ಕೈಗಿಟ್ಟೆ.